ಕರಾಟೆ ಕಲಿತಿದ್ದರೆ ನಿಜವಾದ ಹಲ್ಲೆಯಲ್ಲಿ ಅದು ಕೆಲಸಕ್ಕೆ ಬರುತ್ತದಾ?

ನಿಮ್ಮ ಪ್ರಶ್ನೆ ಇದು: ಎರಡು ವರ್ಷದಿಂದ ಕರಾಟೆ ಕ್ಲಾಸಿಗೆ ಹೋಗುತ್ತಿದ್ದೀರಿ. ಒಂದೆರಡು ಬೆಲ್ಟೂ ದಾಟಿದ್ದೀರಿ. ಈಗ ಗೆಳೆಯರೊಬ್ಬರು, "ಇದೆಲ್ಲ ಬರೀ ಡ್ಯಾನ್ಸು, ರಸ್ತೆಯಲ್ಲಿ ಯಾರಾದರೂ ಮೈಮೇಲೆ ಬಿದ್ದರೆ ಒಂದೂ ನೆನಪಿಗೆ ಬರೋದಿಲ್ಲ" ಅಂದಿದ್ದಾರೆ. ಅದು ನಿಜವಾ, ಕ್ಲಾಸು ಬಿಟ್ಟುಬಿಡಬೇಕಾ ಅಂತ ಕೇಳಿದ್ದೀರಿ.

ಬಿಡಬೇಡಿ. ಹಾಗಂತ ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ನಾನು ಮೊದಲು ಜೂಡೋ, ಆಮೇಲೆ ಬಾಕ್ಸಿಂಗ್ ಮಾಡಿಕೊಂಡು ಬಂದವನು. ಈಗ ಹೊಸಬರಿಗೆ ಹೇಳಿಕೊಡುತ್ತೇನೆ. ಈ ಪ್ರಶ್ನೆ ಬಂದಾಗಲೆಲ್ಲ ನಾನು ವಾಪಸ್ ಕೇಳುವುದು ಒಂದೇ. ಕ್ಲಾಸಿನಲ್ಲಿ ನಿಮ್ಮ ಎದುರು ನಿಂತವರು ನಿಮ್ಮನ್ನು ನಿಜವಾಗಿ ತಡೆಯುತ್ತಾರಾ? ನೀವು ಹೊಡೆಯಲು ಹೋದರೆ ತಪ್ಪಿಸಿಕೊಂಡು ತಿರುಗಿ ಹೊಡೆಯುತ್ತಾರಾ? ಹೌದು ಅಂತಾದರೆ ಕಲೆಯ ಹೆಸರು ಏನೇ ಇರಲಿ, ಅದು ನಿಮಗೆ ಆಗಿಬರುತ್ತದೆ. ಇಲ್ಲ ಅಂತಾದರೆ ಎಷ್ಟು ವರ್ಷ ಕಲಿತರೂ ನನಗೆ ಅನುಮಾನವೇ.

ಯಾಕೆ ಅಂದರೆ, ಎಷ್ಟೋ ಕ್ಲಾಸುಗಳಲ್ಲಿ ನಡೆಯುವುದು ಹೀಗೆ. ಜೊತೆಗಾರ ಒಂದು ಹೆಜ್ಜೆ ಮುಂದೆ ಬಂದು ಒಂದೇ ಗುದ್ದು ಹಾಕುತ್ತಾನೆ. ಯಾವ ಕೈ, ಎಲ್ಲಿಗೆ ಅನ್ನುವುದು ಮೊದಲೇ ಗೊತ್ತು. ಗುದ್ದಿದ ಮೇಲೆ ಕೈಯನ್ನು ಹಾಗೇ ಚಾಚಿಕೊಂಡು ನಿಲ್ಲುತ್ತಾನೆ. ನೀವು ಆ ಕೈ ತಡೆದು, ತಿರುಚಿ, ಮೂರು ಏಟು ಹಾಕಿ ಮುಗಿಸುತ್ತೀರಿ. ನೋಡಲು ಚೆನ್ನಾಗಿರುತ್ತದೆ. ಆದರೆ ಕೋಪದಲ್ಲಿರುವ ಮನುಷ್ಯ ಕೈ ಚಾಚಿಕೊಂಡು ನಿಲ್ಲುವುದಿಲ್ಲ. ಒಂದು ಕೈಯಲ್ಲಿ ನಿಮ್ಮ ಶರ್ಟಿನ ಕಾಲರ್ ಹಿಡಿದು, ಇನ್ನೊಂದು ಕೈಯಲ್ಲಿ ಒಂದೇ ಸಮನೆ ಬಾರಿಸುತ್ತಾನೆ, ಜೊತೆಗೆ ಹಿಂದಕ್ಕೆ ತಳ್ಳುತ್ತಾನೆ. ಅದರ ನಡುವೆ ಕಾಲು ಊರಿ ನಿಲ್ಲುವುದೇ ಕಷ್ಟ. ಇದನ್ನು ಒಮ್ಮೆಯೂ ಅನುಭವಿಸದವರಿಗೆ ಪಟ್ಟು ನೆನಪಾಗುವುದಿಲ್ಲ ಅನ್ನುವುದು ನಿಜ.

ಇಲ್ಲಿ ಜೂಡೋ ಹುಟ್ಟಿದ ಕಥೆ ಹೇಳಲೇಬೇಕು. ಜಿಗೋರೋ ಕಾನೋ ಅವರು 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಅನ್ನುವ ತಮ್ಮ ಜೂಡೋ ಶಾಲೆ ಶುರು ಮಾಡಿದಾಗ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಜಪಾನಿನ ಹಳೆಯ ಕಾದಾಟದ ಕಲೆಯಾದ ಜುಜುತ್ಸುವನ್ನು ಅದರ ಶಾಲೆಗಳಲ್ಲಿ ಕಲಿತಿದ್ದರು. ಗುದ್ದು, ಒದೆ, ಬೆರಳು ಮುರಿಯುವಂಥ ಅಪಾಯದ ವರಸೆಗಳನ್ನು ಅವರು ಕಟಾಕ್ಕೆ, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳನ್ನು ಕ್ರಮವಾಗಿ ಮಾಡುವ ಅಭ್ಯಾಸಕ್ಕೆ, ಸೀಮಿತ ಮಾಡಿದರು. ಉಳಿದದ್ದನ್ನು, ಅಂದರೆ ಎಸೆಯುವುದು, ನೆಲದ ಮೇಲೆ ಒತ್ತಿ ಹಿಡಿಯುವುದು, ಕತ್ತು ಬಿಗಿಯುವುದು, ಮೊಣಕೈಗೆ ಬೀಗ ಹಾಕುವುದು, ಇವನ್ನು ಇಬ್ಬರೂ ಪೂರ್ತಿ ಬಲ ಹಾಕಿ ಆಡುವ ಹಾಗೆ ಮಾಡಿದರು. ಅದಕ್ಕೆ ರಾಂಡೋರಿ ಅಂತ ಹೆಸರು. ಅದನ್ನೇ ಅಭ್ಯಾಸದ ನಡುಭಾಗಕ್ಕೆ ತಂದರು.

ಮೇಲ್ನೋಟಕ್ಕೆ ಇದು ಕಲೆಯನ್ನು ಮೆತ್ತಗೆ ಮಾಡಿದ ಹಾಗೆ ಕಾಣುತ್ತದೆ, ಅಲ್ವಾ? ಆಗಿದ್ದು ಉಲ್ಟಾ. ಕಣ್ಣಿಗೆ ಚುಚ್ಚುವ ವರಸೆಯನ್ನು ಯಾರೂ ಯಾರ ಮೇಲೂ ನಿಜವಾಗಿ ಪ್ರಯೋಗ ಮಾಡಿ ಕಲಿಯಲಾರರು. ಸೊಂಟದ ಮೇಲಿಂದ ಎಸೆಯುವುದನ್ನಾದರೆ ದಿನವೂ, ಎಸೆಸಿಕೊಳ್ಳಲು ಒಪ್ಪದವರ ಮೇಲೆ, ಮಾಡಬಹುದು. ಸಾವಿರ ಸಲ ಸೋತು, ಕೆಲವು ಸಲ ಗೆದ್ದು ಕಲಿತ ಒಂದು ಎಸೆತಕ್ಕೆ, ಗಾಳಿಯಲ್ಲಿ ಮಾತ್ರ ಮಾಡಿದ ನೂರು ಮಾರಕ ವರಸೆಗಳು ಸಮ ಆಗುವುದಿಲ್ಲ. ಹಾಗಾಗಿ "ನಮ್ಮ ವರಸೆಗಳು ತುಂಬಾ ಅಪಾಯಕಾರಿ, ಅದಕ್ಕೇ ನಾವು ಸ್ಪಾರಿಂಗ್ (ಎದುರಾಳಿಯ ಜೊತೆ ನಿಜವಾಗಿ ಸೆಣಸುವ ಅಭ್ಯಾಸ) ಮಾಡಿಸೋದಿಲ್ಲ" ಅಂತ ಯಾವ ಮಾಸ್ಟರ್ ಹೇಳಿದರೂ ನನಗೆ ಒಪ್ಪಿಗೆ ಆಗುವುದಿಲ್ಲ.

ಆಮೇಲೆ ಇದು ಎಲ್ಲರ ಕಣ್ಣೆದುರಿಗೇ ಸಾಬೀತಾಯಿತು. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರಿನಲ್ಲಿ ಯುಎಫ್‌ಸಿ ಅನ್ನುವ ಕಾದಾಟದ ಪಂದ್ಯಾವಳಿ ಮೊದಲ ಸಲ ನಡೆಯಿತು. ಬೇರೆ ಬೇರೆ ಕಲೆಯವರು ಒಂದೇ ಕಣದಲ್ಲಿ, ತೀರಾ ಕಡಿಮೆ ನಿಯಮಗಳೊಂದಿಗೆ ಸೆಣಸಿದರು. ಗೆದ್ದದ್ದು ಬ್ರೆಜಿಲಿನ ರಾಯ್ಸ್ ಗ್ರೇಸಿ, ಸುಮಾರು 80 ಕಿಲೋ ತೂಕದ ಸಪೂರ ಮನುಷ್ಯ. ಅವರ ಮನೆತನದ ಜಿಯು-ಜಿಟ್ಸು ಕೂಡ ಕೊಡೋಕಾನ್‌ನಲ್ಲಿ ಕಲಿತ ಮಿತ್ಸುಯೋ ಮಯೇದಾ ಬ್ರೆಜಿಲಿಗೆ ಒಯ್ದ ವಿದ್ಯೆಯಿಂದಲೇ ಬೆಳೆದದ್ದು. 2017ರಲ್ಲಿ ಚೀನಾದಲ್ಲಿ ಶು ಶಿಯಾವೊಡಾಂಗ್ ಎಂಬ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟದ ಆಟ) ತರಬೇತುದಾರ, ನಿಧಾನ ಚಲನೆಗಳ ಚೀನೀ ಕಲೆಯಾದ ತಾಯ್ ಚಿಯ ಒಬ್ಬ ಗುರುವಿನ ಜೊತೆ ಸೆಣಸಿದಾಗ ಅದು ಅರ್ಧ ನಿಮಿಷವೂ ನಡೆಯಲಿಲ್ಲ. ಆ ವಿಡಿಯೋ ನೋಡಿ ನಗುವವರು ಜಾಸ್ತಿ. ನನಗೆ ಬೇಸರವಾಗುತ್ತದೆ. ಅಷ್ಟು ವರ್ಷ ಶ್ರದ್ಧೆಯಿಂದ ಮಾಡಿದ ಸಾಧನೆಯಲ್ಲಿ ತಿರುಗಿ ಹೊಡೆಯುವ ಎದುರಾಳಿಯೊಬ್ಬ ಇರಲಿಲ್ಲ, ಅಷ್ಟೇ.

ಆದರೆ ಗ್ರೇಸಿ ಗೆದ್ದದ್ದು ಒಬ್ಬೊಬ್ಬರ ಮೇಲೆ, ಮೆತ್ತನೆಯ ನೆಲದಲ್ಲಿ, ಆಯುಧ ಇಲ್ಲದವರ ಎದುರು. ರಸ್ತೆಯಲ್ಲಿ ಒಬ್ಬನನ್ನು ಕೆಡವಿ ಅವನ ಜೊತೆ ನೆಲಕ್ಕೆ ಬಿದ್ದರೆ, ಅವನ ಜೊತೆಗಾರ ನಿಮ್ಮ ತಲೆಗೆ ಒದೆಯುತ್ತಾನೆ. ನೆಲದ ಪಟ್ಟುಗಳನ್ನು ಕಲಿಯಬೇಕಾದದ್ದು ಬಿದ್ದರೆ ಬೇಗ ಎದ್ದು ನಿಲ್ಲುವುದಕ್ಕೆ.

ಪ್ರತಿ ಕಲೆಯಲ್ಲೂ ನಿಯಮಗಳಿಂದ ಬಂದ ಇಂಥ ಒಂದು ಕಿಂಡಿ ಇದ್ದೇ ಇರುತ್ತದೆ. ನಿಮ್ಮ ಕರಾಟೆಯನ್ನೇ ತೆಗೆದುಕೊಳ್ಳಿ. ಪಾಯಿಂಟ್ ಕುಮಿತೆಯಲ್ಲಿ, ಅಂದರೆ ತಾಗಿದ ಏಟಿಗೆ ಅಂಕ ಕೊಡುವ ಕರಾಟೆ ಸ್ಪಾರಿಂಗಿನಲ್ಲಿ, ದೂರ ಅಳೆಯುವುದು, ಸಮಯ ನೋಡಿ ಸರಕ್ಕನೆ ಒಳಗೆ ನುಗ್ಗುವುದು ಚೆನ್ನಾಗಿ ಬರುತ್ತದೆ. ಅದು ದೊಡ್ಡ ಆಸ್ತಿ. ಆದರೆ ಒಂದು ಏಟು ತಾಗಿದ ಕೂಡಲೇ ರೆಫರಿ ನಿಲ್ಲಿಸುತ್ತಾರೆ. ದೇಹಕ್ಕೂ ಅಲ್ಲಿಗೇ ನಿಲ್ಲುವ ಅಭ್ಯಾಸ ಆಗುತ್ತದೆ. ಕ್ಯೋಕುಶಿನ್ ಅನ್ನುವ ಕರಾಟೆ ಶೈಲಿಯಲ್ಲಿ ಪೂರ್ತಿ ಬಲದಿಂದ ಹೊಡೆಯುತ್ತಾರೆ, ಮೈ ಕಲ್ಲಾಗುತ್ತದೆ, ಆದರೆ ಮುಖಕ್ಕೆ ಕೈಯಿಂದ ಗುದ್ದುವ ಹಾಗಿಲ್ಲ. ಹಾಗಾಗಿ ಮುಖ ಕಾಯುವ ಅಭ್ಯಾಸ ಕಡಿಮೆ. ಬಾಕ್ಸಿಂಗಿನಲ್ಲಿ ಹಿಡಿತ ಇಲ್ಲ, ಕೈಗೆ ಗ್ಲೌಸ್ ಇರುತ್ತದೆ. ಬರಿಗೈ ಮುಷ್ಟಿಯಿಂದ ತಲೆಬುರುಡೆಗೆ ಗುದ್ದಿದರೆ ಕಿರುಬೆರಳಿನ ಕೆಳಗಿನ ಅಂಗೈ ಮೂಳೆ ಮುರಿಯುವುದು ಎಷ್ಟು ಸಾಮಾನ್ಯ ಅಂದರೆ, ಆ ಮುರಿತಕ್ಕೆ ಬಾಕ್ಸರನ ಹೆಸರೇ ಅಂಟಿಕೊಂಡಿದೆ. ಅದಕ್ಕೇ ನಾನು ಹೊಸಬರಿಗೆ ತಲೆಗೆ ಹೊಡೆಯಬೇಕಾದರೆ ಅಂಗೈಯ ಬುಡದಿಂದ ಹೊಡೆಯಿರಿ ಅನ್ನುತ್ತೇನೆ. ನಿಮ್ಮ ಕಲೆಯ ಕಿಂಡಿ ಎಲ್ಲಿದೆ ಅಂತ ತಿಳಿದುಕೊಂಡರೆ ಸಾಕು, ಕಲೆ ಬದಲಿಸಬೇಕಾಗಿಲ್ಲ.

ಇನ್ನು ಭಯದ ವಿಷಯ. ಮೈಮೇಲೆ ಯಾರಾದರೂ ನುಗ್ಗಿದಾಗ ಅಡ್ರಿನಾಲಿನ್ ಏರುತ್ತದೆ. ಎದೆ ಡವಗುಟ್ಟುತ್ತದೆ, ಕಣ್ಣಿಗೆ ಮುಂದಿನದಷ್ಟೇ ಕಾಣುತ್ತದೆ, ಸದ್ದು ದೂರದಿಂದ ಬಂದ ಹಾಗೆ ಕೇಳುತ್ತದೆ, ಬೆರಳುಗಳ ನಾಜೂಕು ಕೆಲಸ ಕೈಕೊಡುತ್ತದೆ. ಮಣಿಕಟ್ಟು ಹಿಡಿದು ತಿರುಚುವ ಸೂಕ್ಷ್ಮ ಪಟ್ಟುಗಳು ಆಗ ಸಿಗುವುದು ಕಷ್ಟ. ತಳ್ಳುವುದು, ಅಂಗೈಯಿಂದ ಬಾರಿಸುವುದು, ಮೊಣಕಾಲಿನಿಂದ ಗುದ್ದುವುದು, ತಲೆ ಮುಚ್ಚಿಕೊಂಡು ನುಗ್ಗುವುದು, ಇಂಥ ದೊಡ್ಡ ಚಲನೆಗಳು ಉಳಿಯುತ್ತವೆ. ಸ್ಪಾರಿಂಗ್ ಮಾಡಿದವರಿಗೆ ಸಿಗುವ ದೊಡ್ಡ ಲಾಭ ಯಾವುದೋ ವಿಶೇಷ ಏಟು ಅಂತ ನನಗೆ ಅನಿಸುವುದಿಲ್ಲ. ಮುಖಕ್ಕೆ ಏಟು ಬಿದ್ದಾಗ ಕಣ್ಣು ಮುಚ್ಚಿ ಮುದುಡಿಕೊಳ್ಳದೆ, ಉಸಿರು ಬಿಡುತ್ತಾ ಯೋಚನೆ ಮಾಡಬಲ್ಲರು. ಅದೇ ಲಾಭ.

ಇದರ ಜೊತೆಗೇ ಒಂದು ಮಾತು. ಹಲ್ಲೆಯಾದಾಗ ಮರಗಟ್ಟಿ ನಿಂತುಬಿಡುವವರು ತುಂಬಾ ಜನ. ಕಲಿತವರಿಗೂ ಆಗುತ್ತದೆ. ಅದು ದೇಹ ತಾನಾಗಿಯೇ ಮಾಡುವ ಕೆಲಸ, ಹೇಡಿತನ ಅಲ್ಲ. ಆಮೇಲೆ "ನೀನು ಯಾಕೆ ತಿರುಗಿ ಹೊಡೀಲಿಲ್ಲ" ಅಂತ ಯಾರೂ ಅವರನ್ನು ಕೇಳಬಾರದು. ತಪ್ಪು ಯಾವತ್ತೂ ಮೇಲೆ ಬಿದ್ದವನದ್ದು.

ಚಾಕುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಬರೆದ ಒಂದು ಲೇಖನ ಪೊಲೀಸ್ ತರಬೇತಿಯಲ್ಲಿ ಹೆಸರುವಾಸಿ. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ ಅಂತ ಅವರು ತೋರಿಸಿದರು. ಒರೆಯಲ್ಲಿರುವ ಬಂದೂಕು ತೆಗೆದು ಗುಂಡು ಹಾರಿಸಲು ಹೆಚ್ಚುಕಮ್ಮಿ ಅಷ್ಟೇ ಸಮಯ ಬೇಕು. ಬಂದೂಕು ಇರುವವರ ಪಾಡೇ ಹೀಗಾದರೆ ಬರಿಗೈಯವರ ಗತಿ ಯೋಚಿಸಿ. ಕ್ಲಾಸಿನಲ್ಲಿ ರಬ್ಬರ್ ಚಾಕು ಕಸಿಯುವುದನ್ನು ಕಲಿಸಿದ್ದರೆ ಒಂದು ಪರೀಕ್ಷೆ ಮಾಡಿ. ಹಳೆಯ ಬಿಳಿ ಬನಿಯನ್ ಹಾಕಿಕೊಳ್ಳಿ, ಜೊತೆಗಾರರ ಕೈಗೆ ಮಾರ್ಕರ್ ಪೆನ್ ಕೊಡಿ, ಇಷ್ಟ ಬಂದ ಹಾಗೆ ಚುಚ್ಚಲು ಹೇಳಿ. ಬನಿಯನ್ ಮೇಲಿನ ಗೆರೆಗಳೇ ಉತ್ತರ ಕೊಡುತ್ತವೆ. ಪರ್ಸ್ ಕೇಳಿದರೆ ಕೊಟ್ಟುಬಿಡಿ. ಓಡಲು ದಾರಿ ಇದ್ದರೆ ಓಡಿ. ದಾರಿಯೇ ಇಲ್ಲದಿದ್ದರೆ ಮಾತ್ರ ಕುರ್ಚಿಯೋ ಬ್ಯಾಗೋ ಸಿಕ್ಕಿದ್ದನ್ನು ನಡುವೆ ಇಟ್ಟುಕೊಂಡು ಹೋರಾಡಿ.

ನಿಜ ಹೇಳಬೇಕೆಂದರೆ ಆತ್ಮರಕ್ಷಣೆಯ ಜಾಸ್ತಿ ಭಾಗ ಮೊದಲ ಏಟಿಗೆ ಮುಂಚೆಯೇ ನಡೆದುಹೋಗುತ್ತದೆ. ಅಪರಿಚಿತ ಏನೋ ಕೇಳುತ್ತಾ ಹತ್ತಿರ ಹತ್ತಿರ ಬರುತ್ತಿದ್ದಾನೆ, ಒಂದು ಕೈ ಕಾಣಿಸುತ್ತಿಲ್ಲ, ಪದೇ ಪದೇ ಸುತ್ತ ನೋಡುತ್ತಿದ್ದಾನೆ. ಅಷ್ಟು ಸಾಕು. ಒಂದು ಕಾಲು ಹಿಂದಕ್ಕಿಟ್ಟು, ಎರಡೂ ಅಂಗೈ ಬಿಚ್ಚಿ ಎದೆಯ ಎತ್ತರಕ್ಕೆ ಎತ್ತಿ, ಗಟ್ಟಿಯಾಗಿ "ಅಲ್ಲೇ ನಿಲ್ಲಿ" ಅನ್ನಿ. ನೋಡುವವರಿಗೆ ನೀವು ಜಗಳ ಬೇಡ ಅನ್ನುತ್ತಿದ್ದೀರಿ ಅಂತಲೇ ಕಾಣುತ್ತದೆ. ಕೈಗಳು ಮಾತ್ರ ಆಗಲೇ ಮುಖ ಕಾಯುವ ಜಾಗದಲ್ಲಿರುತ್ತವೆ. ಇದನ್ನು ಕೂಗಿ ಹೇಳಿ ಅಭ್ಯಾಸ ಮಾಡಬೇಕು. ಎಷ್ಟೋ ಜನರಿಗೆ ಗುದ್ದುವುದಕ್ಕಿಂತ ಕೂಗುವುದೇ ಕಷ್ಟ.

ಮೇಲೆ ಬೀಳುವವನು ಯಾವಾಗಲೂ ಅಪರಿಚಿತನೇ ಅಂತಲೂ ಅಂದುಕೊಳ್ಳಬೇಡಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಅವನು ಬಹಳ ಸಲ ಗೊತ್ತಿರುವವನೇ ಆಗಿರುತ್ತಾನೆ. ಕೆನಡಾದಲ್ಲಿ ಸಂಶೋಧಕಿ ಶಾರ್ಲೀನ್ ಸೆನ್ ಮತ್ತು ಜೊತೆಗಾರರು ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಒಟ್ಟು 12 ಗಂಟೆಯ ತರಬೇತಿ. ಉಳಿದವರಿಗೆ ಮಾಹಿತಿಯ ಕರಪತ್ರ ಮಾತ್ರ. ಒಂದು ವರ್ಷದ ನಂತರ ನೋಡಿದರೆ ಕರಪತ್ರ ಪಡೆದವರಲ್ಲಿ ಶೇ 9.8ರಷ್ಟು ಮಂದಿ ಅತ್ಯಾಚಾರಕ್ಕೆ ಒಳಗಾಗಿದ್ದರು. ತರಬೇತಿ ಪಡೆದವರಲ್ಲಿ ಆ ಪ್ರಮಾಣ ಶೇ 5.2. ಆ 12 ಗಂಟೆಯಲ್ಲಿ ಕೈಕಾಲಿನ ಏಟು ಒಂದು ಭಾಗ ಅಷ್ಟೇ. ಗೊತ್ತಿರುವವನ ನಡತೆಯಲ್ಲಿ ಅಪಾಯ ಗುರುತಿಸುವುದು, "ಅವನಿಗೆ ಬೇಜಾರಾಗುತ್ತೇನೋ" ಅನ್ನುವ ಸಂಕೋಚ ದಾಟಿ ಗಟ್ಟಿಯಾಗಿ ಬೇಡ ಅನ್ನುವುದು, ಇವಕ್ಕೂ ಅಷ್ಟೇ ಸಮಯ ಕೊಟ್ಟಿದ್ದರು. ಬರೀ 12 ಗಂಟೆ! ಕ್ಲಾಸುಗಳಲ್ಲಿ ವರ್ಷಗಟ್ಟಲೆ ಒದೆ ಕಲಿಸುವ ನಮ್ಮಂಥವರು ಇದನ್ನೂ ಕಲಿಸಬೇಕು ಅಂತ ನಾನು ಸಿಕ್ಕಲ್ಲೆಲ್ಲ ಹೇಳುತ್ತಿರುತ್ತೇನೆ.

ಹೊಡೆದ ಮೇಲಿನ ಕಥೆಯೂ ಇದೆ. ಹೆಚ್ಚಿನ ದೇಶಗಳ ಕಾನೂನು ಅಪಾಯ ಇರುವಷ್ಟು ಹೊತ್ತು, ಅದನ್ನು ತಡೆಯಲು ಬೇಕಾದಷ್ಟೇ ಬಲ ಬಳಸಲು ಬಿಡುತ್ತದೆ. ಬಿದ್ದವನಿಗೆ ಮತ್ತೆ ಒದ್ದರೆ ಅಲ್ಲಿಂದ ನೀವೇ ಅಪರಾಧಿ. ಒಂದೇ ಗುದ್ದಿಗೆ ಮನುಷ್ಯ ಹಿಂದಕ್ಕೆ ಬಿದ್ದು, ತಲೆ ಕಾಂಕ್ರೀಟಿಗೆ ಬಡಿದು ಸಾಯಬಹುದು. ಬಿಡಿಸಿಕೊಂಡ ಕೂಡಲೇ ಅಲ್ಲಿಂದ ಹೊರಡಿ, ಪೊಲೀಸರಿಗೆ ನೀವೇ ಮೊದಲು ಫೋನ್ ಮಾಡಿ.

ಜೂಡೋದವನು ಅನ್ನುವ ಕಾರಣಕ್ಕೆ ಇನ್ನೊಂದು ಸೇರಿಸುತ್ತೇನೆ. ಬೀಳುವುದನ್ನು ಕಲಿಯಿರಿ. ಜೂಡೋದಲ್ಲಿ ಎಸೆಯುವುದಕ್ಕೆ ಮೊದಲು ಇದನ್ನೇ ಕಲಿಸುತ್ತಾರೆ: ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ತೋಳಿನಿಂದ ನೆಲಕ್ಕೆ ಬಡಿದು ಬೀಳುವುದು. ನಮ್ಮಲ್ಲಿ ಬಹುತೇಕ ಜನರ ಮೇಲೆ ಯಾರೂ ಯಾವತ್ತೂ ಕೈ ಮಾಡದಿರಬಹುದು. ಆದರೆ ಜಾರಿ ಬೀಳದವರು ಯಾರೂ ಇಲ್ಲ.

ಈಗ ನೀವು ಮಾಡಬೇಕಾದ್ದು. ನಿಮ್ಮ ಮಾಸ್ಟರ್ ಹತ್ತಿರ ಹೋಗಿ, "ಸರ್, ವಾರಕ್ಕೊಮ್ಮೆಯಾದರೂ ಪಾಯಿಂಟ್‌ಗೆ ನಿಲ್ಲಿಸದೆ ಸ್ಪಾರಿಂಗ್ ಮಾಡಿಸ್ತೀರಾ? ಕಾಲರ್ ಹಿಡಿದುಕೊಂಡು, ಗೋಡೆಗೆ ಒತ್ತಿಕೊಂಡು ಅಭ್ಯಾಸ ಮಾಡಿಸ್ತೀರಾ?" ಅಂತ ಕೇಳಿ. ಒಳ್ಳೆಯ ಮಾಸ್ಟರ್‌ಗೆ ಖುಷಿಯೇ ಆಗುತ್ತದೆ. ಆಗದು ಅಂದರೆ ಕರಾಟೆ ಮುಂದುವರಿಸುತ್ತಲೇ ಪಕ್ಕದಲ್ಲಿ ಬಾಕ್ಸಿಂಗ್, ಜೂಡೋ ಅಥವಾ ಕುಸ್ತಿ, ಯಾವುದು ಹತ್ತಿರವೋ ಅದಕ್ಕೆ ಸೇರಿಕೊಳ್ಳಿ. ಸೇರುವ ಮುಂಚೆ ಒಂದು ದಿನ ಸುಮ್ನೆ ಕೂತು ನೋಡಿ. ಹಳಬರು ಹೊಸಬರನ್ನು ಜೋಪಾನವಾಗಿ ಆಡಿಸುತ್ತಾರಾ ಅನ್ನುವುದನ್ನು ಮುಖ್ಯವಾಗಿ ಗಮನಿಸಿ. ಹೊಸಬರನ್ನು ಜಜ್ಜಿ ಖುಷಿಪಡುವ ಜಾಗ ಬೇಡ.

ಸ್ಪಾರಿಂಗ್ ಅಂದರೆ ದಿನವೂ ತಲೆಗೆ ಏಟು ತಿನ್ನುವುದು ಅಂತಲ್ಲ. ತಲೆಯ ಏಟುಗಳು ಒಂದರ ಮೇಲೊಂದು ಸೇರಿಕೊಂಡು ಮೆದುಳಿಗೆ ಹಾನಿ ಮಾಡುತ್ತವೆ. ಮೌತ್‌ಗಾರ್ಡ್ ಇಲ್ಲದೆ ಕಣಕ್ಕೆ ಇಳಿಯಬೇಡಿ. ಶುರುವಿನಲ್ಲಿ ಮುಖಕ್ಕೆ ಮೆಲ್ಲಗೆ, ಮೈಗೆ ಸ್ವಲ್ಪ ಜೋರಾಗಿ ಅಂತ ಜೊತೆಗಾರರ ಜೊತೆ ಮೊದಲೇ ಮಾತಾಡಿಕೊಳ್ಳಿ. ಏಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು, ಹೀಗೇನಾದರೂ ಕಾಣಿಸಿಕೊಂಡರೆ ಅವತ್ತಿನ ಆಟ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಅವರು ಸರಿ ಅನ್ನುವವರೆಗೂ ಸ್ಪಾರಿಂಗ್ ಬೇಡ, ಕಟಾ ಮಾಡಿಕೊಂಡಿರಿ.