ಮಲೆನಾಡಿನ ಮಳೆಗಾಲದಲ್ಲಿ ಸಾಕು ನಾಯಿಯನ್ನು ಹೇಗೆ ನೋಡಿಕೊಳ್ಳಬೇಕು? ಬೀದಿ ಬದಿಯ ಮರಿಗಳಿಗೆ ಏನು ಮಾಡಬಹುದು?

ಬಳ್ಳಾರಿಯಿಂದ ಕೆಲಸದ ಮೇಲೆ ತೀರ್ಥಹಳ್ಳಿಗೆ ಬಂದಿದ್ದೀರಿ, ಜೊತೆಗೆ ಮೂರು ವರ್ಷದ ಲ್ಯಾಬ್ರಡಾರ್ ಇದೆ, ಇದು ನಿಮಗೆ ಮೊದಲ ಮಳೆಗಾಲ ಅಂತ ಬರೆದಿದ್ದೀರಿ. ನಾಯಿ ಒಂದೇ ಸಮನೆ ಮೈ ಕೆರೆದುಕೊಳ್ಳುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಇನ್ನೊಂದು ಕಡೆ, ನೀವು ಬಸ್ ಹತ್ತುವ ಜಾಗದಲ್ಲಿ ಒಂದು ಬೀದಿ ನಾಯಿ ನಾಲ್ಕು ಮರಿ ಹಾಕಿದೆ, ಅವಕ್ಕೆ ಏನಾದರೂ ಮಾಡಬೇಕು ಅನ್ನಿಸುತ್ತಿದೆ. ನಾನು ಅದೇ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದಿದ್ದೇನೆ. ಮನೆಯಲ್ಲಿ ನಾಯಿ, ಬೆಕ್ಕು, ದನ ಇಲ್ಲದ ದಿನವನ್ನು ನೋಡಿಲ್ಲ. ನಾನು ಡಾಕ್ಟರಲ್ಲ, ಕಂಡದ್ದನ್ನು, ಕಳೆದುಕೊಂಡು ಕಲಿತದ್ದನ್ನು ಹೇಳುತ್ತೇನೆ.

ನಿಮ್ಮ ಎರಡೂ ಪ್ರಶ್ನೆಗೆ ಮೊದಲ ಉತ್ತರ ಒಂದೇ: ಒಣಗಿಸಿ. ಮಳೆಯಲ್ಲಿ ನೆನೆದರೆ ನಾಯಿಗೆ ಏನೂ ಆಗುವುದಿಲ್ಲ. ನೆನೆದದ್ದು ಒಣಗದೆ ಉಳಿದರೆ ಎಲ್ಲ ಆಗುತ್ತದೆ. ನಿಮ್ಮ ಊರಲ್ಲಿ ನಾಯಿ ಒಮ್ಮೆ ಮೈ ಕೊಡವಿ ಅರ್ಧ ಗಂಟೆ ಬಿಸಿಲಲ್ಲಿ ಬಿದ್ದುಕೊಂಡರೆ ಮುಗೀತು. ಇಲ್ಲಿ ಆರಿದ್ರಾ ಮಳೆ ಹಿಡಿಯಿತು ಅಂದರೆ ಪುನರ್ವಸು, ಪುಷ್ಯ ಮುಗಿಯುವ ತನಕ ಹಗ್ಗಕ್ಕೆ ಹಾಕಿದ ಟವೆಲ್ಲೇ ಒಣಗುವುದಿಲ್ಲ. ಇನ್ನು ಲ್ಯಾಬ್ರಡಾರಿನ ದಪ್ಪ ಒಳಗೂದಲು ತಾನಾಗಿ ಒಣಗುತ್ತದಾ? ಆ ವಾಸನೆ, ಆ ಕೆರೆತ ಬಹಳ ಸಲ ಅಲ್ಲಿಂದಲೇ ಬರುತ್ತದೆ. ಒದ್ದೆ ಚರ್ಮದಲ್ಲಿ ಬೂಸ್ಟು, ಕಜ್ಜಿ ಎರಡೂ ಬೇಗ ಬೆಳೆಯುತ್ತವೆ.

ಇಲ್ಲಿನ ಹಳೆ ಮನೆಗಳಲ್ಲಿ ಬಚ್ಚಲ ಒಲೆಯೇ ನಾಯಿ, ಬೆಕ್ಕಿನ ಮಳೆಗಾಲದ ಮನೆ. ಸಂಜೆ ಹಂಡೆಗೆ ಬೆಂಕಿ ಹಾಕಿದ ಕೂಡಲೇ ನಮ್ಮ ನಾಯಿ ಬಂದು ಒಲೆಯ ಎದುರು ಹೊಟ್ಟೆ ಒಡ್ಡಿ ಮಲಗುತ್ತದೆ, ಬೆಕ್ಕು ಒಲೆಕಟ್ಟೆ ಮೇಲೆ. ಅಡಿಕೆ ಸಿಪ್ಪೆಯ ಕಾವಿಗೆ ನಾಯಿಯ ಮೈಯಿಂದ ಹಬೆ ಏಳುವುದು ಕಾಣುತ್ತದೆ. ಒಂದು ಮಾರು ದೂರ ಇರಲಿ, ಕಿಡಿ ಹಾರಿದರೆ ಕೂದಲು ಸುಡುತ್ತದೆ. ನಿಮ್ಮದು ಬಾಡಿಗೆ ಮನೆ, ಗೀಸರ್ ಇದೆ ಅಂದರೆ ನಾಯಿಗೆ ಅಂತಲೇ ಎರಡು ಹಳೆ ಟವೆಲ್ ಇಡಿ. ಒಂದರಲ್ಲಿ ನೀರು ತೆಗೆಯಿರಿ, ಇನ್ನೊಂದರಲ್ಲಿ ಬುಡದ ತನಕ ಉಜ್ಜಿ. ಆಮೇಲೆ ಹತ್ತು ನಿಮಿಷ ಟೇಬಲ್ ಫ್ಯಾನ್ ಎದುರು ಕೂರಿಸಿ. ಕಾಲ್ಬೆರಳ ಸಂದು, ಕಿವಿಯ ಒಳಮಡಿಕೆ, ಕಂಕುಳು, ಬಾಲದ ಬುಡ, ಈ ಜಾಗಗಳನ್ನು ಜನ ಮರೆಯುತ್ತಾರೆ. ಲ್ಯಾಬ್ರಡಾರಿನ ಕಿವಿ ಜೋತು ಬಿದ್ದಿರುವುದರಿಂದ ಒಳಗೆ ಗಾಳಿ ಆಡುವುದಿಲ್ಲ. ತಲೆ ಕೊಡವುತ್ತಲೇ ಇದ್ದರೆ ಕಿವಿ ಎತ್ತಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ ಡಾಕ್ಟರಿಗೆ ತೋರಿಸಿ. ಮನೆಯ ಎಣ್ಣೆ ಬಿಡಬೇಡಿ.

ಕುತ್ತಿಗೆಯ ಬೆಲ್ಟನ್ನು ದಿನಾ ರಾತ್ರಿ ಬಿಚ್ಚಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಮನೆಯ ಚಿನ್ನಿ ಒಂದು ಆಷಾಢದಲ್ಲಿ ಮುಟ್ಟಿದರೆ ಗುರ್ ಅನ್ನಲು ಶುರುಮಾಡಿತು. ಮೂರು ದಿನ ಹಾಗೇ ಬಿಟ್ಟೆವು. ನಾಲ್ಕನೇ ದಿನ ಬೆಲ್ಟ್ ಬಿಚ್ಚಿ ಟಾರ್ಚ್ ಹಿಡಿದೆ. ಕೂದಲು ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಂಡಿತ್ತು. ಬಿಡಿಸಿದರೆ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ತೂತು. ಒಳಗೆ ಬಿಳೀ ಹುಳ, ಬೆಂದ ಅನ್ನದ ಕಾಳಿನ ಹಾಗೆ, ಬೆಳಕು ಬಿದ್ದ ಕೂಡಲೇ ಒಳಕ್ಕೆ ಸರಿದವು. ಮಳೆಗಾಲದಲ್ಲಿ ಸಣ್ಣ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ ಆಗುತ್ತದೆ. ಊರಲ್ಲಿ ಸೀಮೆಎಣ್ಣೆ ಹಾಕಿ, ಫಿನಾಯಿಲ್ ಹಾಕಿ ಅನ್ನುವವರು ಸಿಗುತ್ತಾರೆ. ಖಂಡಿತ ಬೇಡ. ಮಾಂಸ ಸುಡುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಗಾಯದ ಸುತ್ತ ಕೂದಲು ಕತ್ತರಿಸಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹುಳ ಪೂರ್ತಿ ತೆಗೆಯಬೇಕು, ಮತ್ತೆ ನೊಣ ಕೂರದ ಸ್ಪ್ರೇ ಹಾಕಬೇಕು. ಚಿನ್ನಿ ಉಳಿಯಿತು.

ನಮ್ಮ ಇನ್ನೊಂದು ನಾಯಿ ಕರಿಯ ಉಳಿಯಲಿಲ್ಲ. ಅದು ಉಣುಗಿನ ಕಥೆ. ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ, ಉಣ್ಣೆ ಅಂತಲೂ ಕರೆಯುತ್ತಾರೆ. ಕರಿಯ ಊಟ ಕಡಿಮೆ ಮಾಡಿದ. ಮಳೆಗೆ ಮಂಕಾಗಿದ್ದಾನೆ ಅಂದುಕೊಂಡೆ. ಮೈ ಬಿಸಿ ಇತ್ತು, ಒಲೆ ಹತ್ತಿರ ಮಲಗಿದ್ದಾನಲ್ಲ ಅಂದುಕೊಂಡೆ. ಐದನೇ ದಿನ ಮೂಗಿನಿಂದ ರಕ್ತ ಬಂತು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಗೋಡೆಯಷ್ಟು ಬಿಳಿ. ಉಣುಗು ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ, ಕೆಲವು ಸಲ ಕೆಂಪು ರಕ್ತಕಣವೇ ಒಡೆಯುತ್ತದೆ. ಬೇಗ ಗೊತ್ತಾದರೆ ಔಷಧಿ ಇದೆ, ವಾಸಿಯಾಗುತ್ತದೆ. ನಾನು ತಡಮಾಡಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ದಿನಾ ಸಂಜೆ ಒಲೆ ಎದುರು ನಾಯಿಯ ಮೈ ಪೂರ್ತಿ ಕೈಯಾಡಿಸುತ್ತೇವೆ, ತುಟಿ ಎತ್ತಿ ವಸಡು ನೋಡುತ್ತೇವೆ. ಆರೋಗ್ಯವಾಗಿರುವಾಗ ವಸಡು ಹೇಗಿರುತ್ತದೆ ಅಂತ ನಿಮ್ಮ ಕಣ್ಣಿಗೆ ರೂಢಿಯಾಗಿರಬೇಕು. ಆಗಲೇ ಕೆಟ್ಟ ದಿನ ಅದು ಬೇರೆ ಕಾಣುವುದು.

ಉಣುಗು ಸಿಕ್ಕರೆ ಚಿಮುಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಸೋಪಿನ ನೀರಿಗೆ ಹಾಕಿ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಗೆ ಮಾತ್ರ ಔಷಧಿ ಮಾಡಿ ಮಲಗುವ ಜಾಗ ಬಿಟ್ಟರೆ ಪ್ರಯೋಜನ ಇಲ್ಲ. ಈಗ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳಿವೆ. ತೂಕ ನೋಡಿ ಡಾಕ್ಟರೇ ಬರೆದುಕೊಡಲಿ. ನಾಯಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಜೋಪಾನ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿಗೆ ವಿಷ. ಹಾಗೆಯೇ ಜ್ವರ ಅಂತ ನಿಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ. ಅದು ಬೆಕ್ಕನ್ನು ಕೊಲ್ಲುತ್ತದೆ, ನಾಯಿಗೂ ಒಳ್ಳೆಯದಲ್ಲ.

ಉಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಅಷ್ಟು ಹೆದರಬೇಡಿ. ಕಾಲಿಗೆ ಹತ್ತಿದ್ದು ರಕ್ತ ಕುಡಿದು ತಾನೇ ಬೀಳುತ್ತದೆ. ಆದರೆ ನಾಯಿ ಒಂದೇ ಹೊಳ್ಳೆಯಿಂದ ರಕ್ತ ಸೀನುತ್ತಿದ್ದರೆ, ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ಜಿಗಣೆ ಸೇರಿರಬಹುದು. ಅದನ್ನು ಡಾಕ್ಟರೇ ತೆಗೆಯಬೇಕು. ಇದಕ್ಕಿಂತ ನನಗೆ ಹೆದರಿಕೆ ಇಲಿ ಜ್ವರದ್ದು. ಇಲಿ ಮೂತ್ರ ಸೇರಿದ ನಿಂತ ನೀರು, ಗದ್ದೆ, ತೋಟದ ಬಸಿಗಾಲುವೆ, ಇವುಗಳಿಂದ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಲ್ಯಾಬ್ರಡಾರಿಗೆ ನೀರು ಕಂಡರೆ ಬಿಡುವುದಿಲ್ಲ ಅಲ್ವಾ? ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಲೆಪ್ಟೊಸ್ಪೈರೋಸಿಸ್, ಅಂದರೆ ಇದೇ ಇಲಿ ಜ್ವರದ್ದು, ಸೇರಿದೆಯಾ ಅಂತ ಕೇಳಿ. ಲಸಿಕೆ ನೀವೇ ತರುವುದಾದರೆ ಐಸ್ ಹಾಕಿದ ಥರ್ಮಾಸ್‌ನಲ್ಲಿ ತನ್ನಿ. 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದ್ದು ಅದು. ಮಳೆಗೆ ಎರಡು ದಿನ ಕರೆಂಟ್ ಹೋದ ಮನೆಯ ಫ್ರಿಜ್‌ನಲ್ಲಿಟ್ಟ ಲಸಿಕೆಯನ್ನು ನಂಬಬೇಡಿ. ನಾಯಿ ಬಿಸ್ಕೆಟ್, ಡ್ರೈ ಫುಡ್ ಗಾಳಿಯಾಡದ ಡಬ್ಬಿಯಲ್ಲಿರಲಿ. ಬೂಸ್ಟು ಹಿಡಿದದ್ದನ್ನು ತಿಂದರೆ ಲಿವರ್ ಹೋಗುತ್ತದೆ. ರಾತ್ರಿ ಹೊರಗೆ ಕಟ್ಟಬೇಡಿ. ಎರಚಲು ಹೊಡೆಯುತ್ತದೆ, ಜೊತೆಗೆ ಇಲ್ಲಿ ಕುರ್ಕ ಓಡಾಡುತ್ತದೆ. ಚಿರತೆಗೆ ನಮ್ಮ ಕಡೆ ಹಾಗನ್ನುತ್ತಾರೆ. ಕಟ್ಟಿದ ನಾಯಿಗೆ ಓಡಲು ದಾರಿ ಇರುವುದಿಲ್ಲ.

ಮಳೆ ಬಿಟ್ಟ ಮೇಲೆ ಮುಗೀತು ಅಂದುಕೊಳ್ಳಬೇಡಿ. ಮಂಗನ ಕಾಯಿಲೆ ಹೆಸರು ಕೇಳಿರುತ್ತೀರಿ, ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರ ಅದು. 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದೂ ಉಣುಗೇ, ಮರಿ ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಜನ ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವ ಕಾಲವೂ ಅದೇ. ಆಗ ನಾಯಿಯನ್ನು ಕಾಡಿನೊಳಗೆ ವಾಕಿಂಗ್ ಕರೆದುಕೊಂಡು ಹೋಗಬೇಡಿ, ದರಗಿನ ರಾಶಿ ಮೇಲೆ ಮಲಗಲು ಬಿಡಬೇಡಿ. ಅದರ ಮೈಮೇಲೆ ಉಣುಗು ನಿಮ್ಮ ಹಾಸಿಗೆಗೇ ಬರುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನು ಬಸ್ ನಿಲ್ಲುವ ಜಾಗದ ಮರಿಗಳು. ತಾಯಿ ಇದ್ದರೆ ಮರಿಗಳನ್ನು ಎತ್ತಿ ಮನೆಗೆ ತರಬೇಡಿ. ಕನಿಕರದಿಂದಲೇ ಜನ ಮಾಡುವ ತಪ್ಪು ಇದು. ಕಡೇಪಕ್ಷ ಎರಡು ತಿಂಗಳು ಅವಕ್ಕೆ ತಾಯಿ ಬೇಕು. ನೀವು ತಾಯಿಯನ್ನು ನೋಡಿಕೊಳ್ಳಿ, ತಾಯಿ ಮರಿಗಳನ್ನು ನೋಡಿಕೊಳ್ಳುತ್ತದೆ. ದಿನಾ ಒಂದೇ ಹೊತ್ತಿಗೆ ಅನ್ನ, ಬೇಯಿಸಿದ ಮೊಟ್ಟೆ, ಕೋಳಿಯಂಗಡಿಯಲ್ಲಿ ಸಿಗುವ ತುಂಡು ಬೇಯಿಸಿ ಹಾಕಿ. ಈರುಳ್ಳಿ ಬೇಡ. ಬರೀ ಬಿಸ್ಕೆಟ್ ಹಾಕಿದರೆ ತಾಯಿಗೆ ಹಾಲು ಕೂಡುವುದಿಲ್ಲ.

ಜಾಗ ಒಣಗಿರಬೇಕು. ನಾವು ಹಳೆ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡ ಮಲಗಿಸಿ ಇಡುತ್ತೇವೆ. ಕೆಳಗೆ ಎರಡು ಕಲ್ಲು ಕೊಟ್ಟು ನೆಲದಿಂದ ಎತ್ತರಿಸಿ, ಬಾಯಿ ಕಡೆ ತುಸು ತಗ್ಗಿಸಬೇಕು, ನೀರು ಒಳಗೆ ನಿಲ್ಲುವುದಿಲ್ಲ. ಮಳೆಗಾಳಿ ಪಡುವಣದಿಂದ ಬರುತ್ತದೆ, ಬಾಯಿ ಮೂಡಣಕ್ಕಿರಲಿ. ಒಳಗೆ ಕಂಬಳಿ, ಗೋಣಿಚೀಲ ಹಾಕಬೇಡಿ. ಒಮ್ಮೆ ನೆನೆದರೆ ಅವು ನೀರು ಹಿಡಿದುಕೊಂಡು ಮರಿಯ ಮೈ ಕಾವನ್ನೇ ಎಳೆಯುತ್ತವೆ. ಭತ್ತದ ಒಣಹುಲ್ಲು ಹಾಕಿ. ಮರಿಗಳು ಅದರೊಳಗೆ ನುಗ್ಗಿಕೊಳ್ಳುತ್ತವೆ, ನೀರು ಕೆಳಗೆ ಇಳಿದುಹೋಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಬದಲಿಸಿ. ಯಾವ ಮನೆಯಲ್ಲಿ ಕೇಳಿದರೂ ಒಂದು ಕಟ್ಟು ಹುಲ್ಲು ಕೊಡುತ್ತಾರೆ.

ಒಂದು ಮರಿ ಚಳಿ ಹಿಡಿದು ಅಲುಗಾಡದೆ ಬಿದ್ದಿದ್ದರೆ ಮೊದಲು ಬಿಸಿ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಜೀರ್ಣ ಆಗುವುದಿಲ್ಲ, ಪ್ರಾಣಕ್ಕೇ ಬರುತ್ತದೆ. ಬಿಸಿನೀರಿನ ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ಅಥವಾ ನಿಮ್ಮ ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಳ್ಳಿ. ಬಾಯಿಯೊಳಗೆ ಬೆರಳಿಟ್ಟಾಗ ಬೆಚ್ಚಗಿದ್ದು, ಚೀಪಲು ಶುರುಮಾಡಿದರೆ ಹಾಲು ಕೊಡಬಹುದು. ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಹಸುವಿನ ಹಾಲಿನ ಸುಮಾರು ಎರಡು ಪಟ್ಟು ಇರುತ್ತದೆ. ಬರೀ ಹಸುವಿನ ಹಾಲು ಸಾಲದು, ಭೇದಿಯೂ ಆಗಬಹುದು. ಮರಿಗಳ ಹಾಲಿನ ಪುಡಿ ಔಷಧಿ ಅಂಗಡಿಯಲ್ಲಿ ಕೇಳಿ. ಕುಡಿಸುವಾಗ ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗಾಗಿ ಇರಲಿ, ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಮರಿಗಳನ್ನು ಮುಟ್ಟಿ ಬಂದರೆ ಕೈ ತೊಳೆದು, ಚಪ್ಪಲಿ ಹೊರಗೆ ಬಿಟ್ಟು ನಿಮ್ಮ ನಾಯಿಯ ಹತ್ತಿರ ಹೋಗಿ. ನಾಯಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮರಿಗಳಿಗೆ ಆರರಿಂದ ಎಂಟು ವಾರ ಆದಾಗ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮೂರು ತಿಂಗಳಿಗೆ ರೇಬೀಸ್. ಖರ್ಚು ಜಾಸ್ತಿ ಅನ್ನಿಸಿದರೆ ಅಕ್ಕಪಕ್ಕದ ನಾಲ್ಕು ಜನ ಸೇರಿ ಹಾಕಿ, ನಾವು ಹಾಗೇ ಮಾಡುವುದು. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಚಿಕಿತ್ಸೆ ಆಗಲೇಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಅದು ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಬರವಣಿಗೆಯಲ್ಲಿ ಅರ್ಜಿ ಕೊಡಿ. ಹೆಣ್ಣು ಮರಿ ಅಂತ ಚೀಲಕ್ಕೆ ತುಂಬಿ ಘಾಟಿಯ ತಿರುವಿನಲ್ಲಿ ಬಿಟ್ಟು ಬರುವವರು ನಮ್ಮಲ್ಲಿ ಇದ್ದಾರೆ. ಅಂಥ ಮರಿ ಮಳೆಯಲ್ಲಿ ಎಷ್ಟು ದಿನ ಬದುಕುತ್ತದೆ? ಒಂದು ಆಪರೇಷನ್ ಆದರೆ ಅಂಥ ಎಷ್ಟೋ ಚೀಲ ತಪ್ಪುತ್ತದೆ.

ಒಂದು ಎಚ್ಚರಿಕೆ. ಬೀದಿ ನಾಯಿಯಾಗಲಿ ದನವಾಗಲಿ, ಬಾಯಿ ತೆರೆದುಕೊಂಡು ಜೊಲ್ಲು ಸುರಿಸುತ್ತಾ ನಿಂತಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಕೈ ಹಾಕಬೇಡಿ. ರೇಬೀಸ್‌ನಲ್ಲೂ ಹಾಗೇ ಕಾಣುತ್ತದೆ. ಕಚ್ಚಿದರೂ, ಪರಚಿದರೂ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ನಿಮ್ಮಲ್ಲಿ ಆಗದ ಕೇಸ್ ಆದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿಗೆ ಕರೆದುಕೊಂಡು ಹೋಗಿ. ಗಾಯಗೊಂಡ ದನ ಕಂಡರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸೆಯ ಗಾಡಿ ಕಳಿಸುವ ನಂಬರ್ ಅದು.

ಈಗ ಹುಲ್ಲು ಸಿಗದಿದ್ದರೆ ಇವತ್ತು ರಾತ್ರಿಗೆ ನ್ಯೂಸ್ ಪೇಪರನ್ನು ಉದ್ದಕ್ಕೆ ಹರಿದು ದಪ್ಪಗೆ ಹಾಸಿ. ಒಂದು ರಾತ್ರಿಗೆ ಸಾಕಾಗುತ್ತದೆ. ಬೆಳಿಗ್ಗೆ ತೆಗೆದು ಹುಲ್ಲು ಹಾಕಿ. ನಾಯಿಯ ವಸಡು ಯಾವ ಬಣ್ಣ ಇದೆ ಅಂತ ನೋಡಿ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.