ಬಗ್ ವರದಿಯ ಕೈಪಿಡಿ ಎಲ್ಲರಿಗೂ ಅರ್ಥವಾಗಬೇಕಾದರೆ

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದಲ್ಲಿ ಕನ್ನಡ ಟೈಪಿಂಗ್ ಕಲಿಸುತ್ತೇವೆ. ಅಕ್ಷರಗಳು ಕೆಟ್ಟು ಮೂಡಿದಾಗ ತಂತ್ರಾಂಶ ರೂಪಿಸಿದವರಿಗೆ ತಿಳಿಸಿ ಎಂದರೂ ಯಾರೂ ತಿಳಿಸುವುದಿಲ್ಲ. ಬಗ್ (ತಂತ್ರಾಂಶದ ದೋಷ) ವರದಿ ಮಾಡುವುದು ಹೇಗೆಂಬ ಕೈಪಿಡಿ ತೆರೆದವರೆಲ್ಲ ಅರ್ಧಕ್ಕೇ ಕೈಬಿಡುತ್ತಾರೆ. ನಾವೇ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಬೇಕೆಂದಿದ್ದೇವೆ. ಅದು ಹೇಗಿರಬೇಕು?
— ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಬರೆಯಿರಿ. ಅರ್ಧಕ್ಕೆ ಕೈಬಿಟ್ಟವರ ತಪ್ಪು ಇದರಲ್ಲಿ ಏನೂ ಇಲ್ಲ. ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್‌ನಂತಹ ಯೋಜನೆಗಳು ದೋಷದ ವರದಿಗಳನ್ನು ಪಡೆಯಲು ಇಂದಿಗೂ ಬಳಸುವ ಬಗ್‌ಜಿಲ್ಲಾ ಎಂಬ ವ್ಯವಸ್ಥೆ 1998ರಲ್ಲಿ ಮೊಜಿಲ್ಲಾ ಎಂಬ ಬ್ರೌಸರ್ ಯೋಜನೆಯ ಪ್ರೋಗ್ರಾಮರ್‌ಗಳ ಕೆಲಸಕ್ಕೆಂದು ಸಿದ್ಧವಾದದ್ದು. ಆದ್ದರಿಂದಲೇ ಅದು ‘ಕಾಂಪೊನೆಂಟ್’ (ದೋಷವಿರುವ ಭಾಗ) ಯಾವುದು, ‘ಸಿವಿಯರಿಟಿ’ (ದೋಷದ ತೀವ್ರತೆ) ಎಷ್ಟು ಎಂದು ಕೇಳುತ್ತದೆ. ಇವು ದುರಸ್ತಿ ಮಾಡುವವರು ತೀರ್ಮಾನಿಸಬೇಕಾದ ಸಂಗತಿಗಳು. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬಷ್ಟನ್ನು ನಿಮ್ಮ ಕೈಪಿಡಿ ಕೇಳಿದರೆ ಸಾಕು.

ವಿವರಣೆಗೂ ಮೊದಲು, ಭರ್ತಿ ಮಾಡಿದ ಒಂದು ವರದಿಯನ್ನೇ ಮಾದರಿಯಾಗಿ ಕೊಡಿ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿನಿಂದ ಯಾರಿಗೂ ಸುಳಿವು ಸಿಗುವುದಿಲ್ಲ. ಅದರ ಬದಲು ಹೀಗಿರಲಿ: “ಹೊಸ ಕಡತದಲ್ಲಿ ‘ರ‍್ಯಾಂಕ್’ ಎಂದು ಟೈಪ್ ಮಾಡಿದೆ. ಪರದೆಯಲ್ಲಿ ಸರಿಯಾಗಿತ್ತು. ಪಿಡಿಎಫ್ ಮಾಡಿದಾಗ ಅರ್ಕಾವೊತ್ತು ಬಂದು ‘ರ್ಯಾಂಕ್’ ಎಂದಾಯಿತು. ಮೂರು ಸಲ ಮಾಡಿ ನೋಡಿದರೂ ಹಾಗೆಯೇ ಆಯಿತು.”

ಈ ಪದವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಸಂಕೇತಿಸುವ ಯೂನಿಕೋಡ್ ಪದ್ಧತಿಯಲ್ಲಿ ‘ರ‍್ಯಾ’ ಮೂಡಬೇಕಾದರೆ ರಕಾರಕ್ಕೂ ಹಲಂತಕ್ಕೂ (್) ನಡುವೆ, ಝೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಚಿಹ್ನೆಯೊಂದು ಇರಬೇಕು. ಅದಿಲ್ಲದೆ ಅರ್ಕಾವೊತ್ತು ಬಂದರೆ ಅದು ತಂತ್ರಾಂಶದ ದೋಷವಲ್ಲ. ಪರದೆಯ ಚಿತ್ರವನ್ನಷ್ಟೇ ಕಳಿಸಿದರೆ ಆ ಚಿಹ್ನೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಪಠ್ಯವನ್ನಷ್ಟೇ ಕಳಿಸಿದರೆ ಅದು ದುರಸ್ತಿ ಮಾಡುವವರ ಕಂಪ್ಯೂಟರ್‌ನಲ್ಲಿ ಸರಿಯಾಗಿಯೇ ಕಂಡು, ನಿಮ್ಮ ತೊಂದರೆ ಏನೆಂಬುದೇ ಅವರಿಗೆ ಗೊತ್ತಾಗದೆ ಹೋಗಬಹುದು. ಆದ್ದರಿಂದ ಚಿತ್ರ, ಪಠ್ಯ ಎರಡನ್ನೂ, ಫಾಂಟ್‌ನ ಹೆಸರಿನೊಂದಿಗೆ ಕಳಿಸಲು ಹೇಳಿ.

‘ನಿಮ್ಮ ಆವೃತ್ತಿ ತಿಳಿಸಿ’ ಎಂದಷ್ಟೇ ಬರೆದು ಮುಂದೆ ಹೋಗಬೇಡಿ, ಅದು ಎಲ್ಲಿ ಸಿಗುತ್ತದೆಂಬುದನ್ನು ಚಿತ್ರಸಹಿತ ತೋರಿಸಿ. ವಿಂಡೋಸ್‌ನ ಲಿಬ್ರೆಆಫೀಸ್‌ನಲ್ಲಾದರೆ ಹೆಲ್ಪ್ ಮೆನುವಿನ ‘ಅಬೌಟ್’ನಲ್ಲಿ ಅದು ಇರುತ್ತದೆ.

ಇನ್ನೊಂದು ಮಾತನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಇಂತಹ ವರದಿಗಳೂ ಅವುಗಳ ಲಗತ್ತುಗಳೂ ಸಾಮಾನ್ಯವಾಗಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಅಕ್ಷರ ಕೆಟ್ಟಿತೆಂದು ಆಧಾರ್ ಸಂಖ್ಯೆಯಿರುವ ಅರ್ಜಿಯನ್ನೋ ಮನೆಯ ಕಾಗದಪತ್ರವನ್ನೋ ಯಾರೂ ಲಗತ್ತಿಸಬಾರದು. ಖಾಲಿ ಕಡತವೊಂದರಲ್ಲಿ ಆ ಒಂದೇ ಪದವನ್ನು ಬರೆದು ಕಳಿಸಿದರೆ ಗುಟ್ಟೂ ಉಳಿಯುತ್ತದೆ, ದೋಷ ಹುಡುಕುವವರ ಕೆಲಸವೂ ಹಗುರಾಗುತ್ತದೆ.

ಇಂಗ್ಲಿಷ್ ಬಾರದವರು ಕನ್ನಡದಲ್ಲೇ ಬರೆದುಕೊಡಲಿ, ನಿಮ್ಮಲ್ಲೊಬ್ಬರು ಅನುವಾದಿಸಿ ಸಲ್ಲಿಸಿ. ಕರಡು ಸಿದ್ಧವಾದ ಮೇಲೆ ತರಗತಿಗೆ ಹೊಸದಾಗಿ ಸೇರಿದವರೊಬ್ಬರ ಕೈಗೆ ಕೊಟ್ಟು, ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ಕುಳಿತಿರಿ. ಅವರು ಎಲ್ಲಿ ಓದು ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೋ, ಆ ಸಾಲನ್ನು ತಿದ್ದಿ ಬರೆಯಿರಿ.