ಲೋಕ ಅದಾಲತ್‌ನಲ್ಲಿ ರಾಜಿಯಾದ ಸಾಲ: ಕಂತು ನಿಂತರೆ ವಸೂಲಿ ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: 4 ಲಕ್ಷ ಕೈಸಾಲಕ್ಕೆ ಕೊಟ್ಟ ಚೆಕ್ ಬೌನ್ಸ್ ಆಗಿ ಕೇಸು ಹಾಕಿದಿರಿ. ಲೋಕ ಅದಾಲತ್‌ನಲ್ಲಿ ತಿಂಗಳಿಗೆ 40,000ದಂತೆ 10 ಕಂತಿಗೆ ರಾಜಿಯಾಯಿತು. ಸಾಲ ಪಡೆದವರು 3 ಕಂತು ಕಟ್ಟಿ ಸುಮ್ಮನಾಗಿದ್ದಾರೆ. ಹಳೇ ಕೇಸು ಮತ್ತೆ ತೆಗೆಸಬಹುದೇ, ಜೈಲಿಗೆ ಹಾಕಿಸಬಹುದೇ ಎಂದು ಕೇಳಿದ್ದೀರಿ. ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವಳು, ಅಮಲ್ಜಾರಿ ಅರ್ಜಿಗಳನ್ನೇ, ಅಂದರೆ ಕೋರ್ಟಿನ ಆದೇಶವನ್ನು ಜಾರಿ ಮಾಡಿಸುವ ಅರ್ಜಿಗಳನ್ನೇ, ಹೆಚ್ಚು ನಡೆಸುತ್ತೇನೆ.

ಹಳೇ ಕೇಸಿನ ಆಸೆ ಬಿಡಿ, ರಾಜಿಯೊಂದಿಗೆ ಅದು ಮುಗಿಯಿತು. ಆದರೆ ಈಗ ನಿಮ್ಮ ಕೈಯಲ್ಲಿರುವುದು ಅದಕ್ಕಿಂತ ಗಟ್ಟಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ಪ್ರಕಾರ ಅದಾಲತ್‌ನ ಅವಾರ್ಡ್ (ರಾಜಿಯ ಷರತ್ತು ಬರೆದ ಆದೇಶ) ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ, ಸಮ, ಅದರ ಮೇಲೆ ಅಪೀಲೂ ಇಲ್ಲ. ಚೆಕ್ ಕೇಸಿನ ರಾಜಿಗೂ ಇದೇ ಅನ್ವಯ ಎಂದು 2011ರಲ್ಲಿ ಗೋವಿಂದನ್ ಕುಟ್ಟಿ ಮೆನನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಲ ಕೊಟ್ಟಿದ್ದು ನಿಜವೇ, ಸಹಿ ಯಾರದು ಎಂಬುದನ್ನೆಲ್ಲ ನೀವಿನ್ನು ಸಾಬೀತು ಮಾಡಬೇಕಿಲ್ಲ. ಕಂತುಗಳಿಗೆಂದು ಅವರು ಹೊಸ ಚೆಕ್ ಕೊಟ್ಟು ಅದೂ ಬೌನ್ಸ್ ಆಗಿದ್ದರೆ ಮಾತ್ರ ಹೊಸ ಚೆಕ್ ಕೇಸಿಗೆ ದಾರಿಯಿದೆ. ಚೆಕ್ ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಹೋಗಬೇಕು.

ಮೊದಲು ಅವಾರ್ಡ್‌ನ ದೃಢೀಕೃತ ನಕಲು ತೆಗೆದುಕೊಂಡು ಷರತ್ತುಗಳನ್ನು ನಿಧಾನವಾಗಿ ಓದಿ. 'ಯಾವುದೇ ಒಂದು ಕಂತು ತಪ್ಪಿದಲ್ಲಿ ಬಾಕಿ ಪೂರ್ತಿ ಹಣ ಒಮ್ಮೆಲೇ ವಸೂಲಿಗೆ ಅರ್ಹ' ಎಂಬರ್ಥದ ಸಾಲು ಇದೆಯೇ? ಇದ್ದರೆ 2,80,000ಕ್ಕೂ ಈಗಲೇ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಗಡುವು ಮೀರಿದ ಕಂತುಗಳಿಗೆ ಮಾತ್ರ. ಬಡ್ಡಿಯೂ ಅಷ್ಟೇ, ಅವಾರ್ಡ್‌ನಲ್ಲಿ ಬರೆಯದ್ದನ್ನು ಅಮಲ್ಜಾರಿ ಕೋರ್ಟು ಸೇರಿಸಲಾರದು. ಅದಾಲತ್ ದಿನದ ಗದ್ದಲದಲ್ಲಿ ಈ ಒಂದು ಸಾಲು ಬಿಟ್ಟುಹೋದ ಕಾಗದ ಕೈಗೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಜೈಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಂನಲ್ಲಿ ಬಂಧನಕ್ಕೆ ಅವಕಾಶವಿದೆ, ಆದರೆ ಅದು ಮುಖ್ಯವಾಗಿ ಹಣವಿದ್ದೂ ಕೊಡದವರಿಗೆ. ಬರೀ ಬಡತನದಿಂದ ಕಟ್ಟಲಾಗದವರನ್ನು ಹಿಡಿದು ಹಾಕುವಂತಿಲ್ಲವೆಂದು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹೆಚ್ಚೆಂದರೆ 3 ತಿಂಗಳು ಒಳಗಿರುತ್ತಾರೆ. ಅಷ್ಟು ದಿನ ಅವರ ಊಟದ ಖರ್ಚನ್ನು ನೀವೇ ಕೋರ್ಟಿಗೆ ಕಟ್ಟಬೇಕು, ಅವರು ಹೊರಬಂದ ಮೇಲೂ ಸಾಲ ಹಾಗೇ ಉಳಿದಿರುತ್ತದೆ. ನಿಜಕ್ಕೂ ಕೈಲಾಗದವರ ಮೇಲೆ ಇಂಥ ಅರ್ಜಿಯನ್ನು ನಾನಂತೂ ಹಾಕುವುದಿಲ್ಲ.

ಹಣ ಬರುವುದು ಜಪ್ತಿಯಿಂದ, ಶ್ರಮ ಹಾಕಬೇಕಾದ್ದೂ ಅಲ್ಲೇ. ಅವರ ಆಸ್ತಿ ಎಲ್ಲಿದೆಯೆಂದು ಕೋರ್ಟು ತಾನಾಗಿ ಹುಡುಕುವುದಿಲ್ಲ. ಜಮೀನಿದ್ದರೆ ಪಹಣಿ, ಸೈಟಿದ್ದರೆ ಖಾತಾ, ಎರಡಕ್ಕೂ ಋಣಭಾರ ಪತ್ರ (ಆಸ್ತಿಯ ಮೇಲಿನ ಸಾಲ, ಮಾರಾಟದ ವಿವರ ತೋರಿಸುವ ಇ.ಸಿ.) ತೆಗೆಸಿ. ಅರ್ಜಿಯ ಷೆಡ್ಯೂಲ್‌ನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ (ಗಡಿ ವಿವರ) ಸ್ಥಳಕ್ಕೆ ತಾಳೆಯಾಗಬೇಕು. ಇಲ್ಲವಾದರೆ ಅಮೀನರು (ಜಪ್ತಿಗೆ ಹೋಗುವ ಕೋರ್ಟಿನ ನೌಕರರು) ಜಾಗ ಗುರುತಿಸಲಾಗಲಿಲ್ಲವೆಂದು ಷರಾ ಬರೆದು ವಾರಂಟ್ ವಾಪಸ್ ಕಳಿಸುತ್ತಾರೆ, ತಿಂಗಳುಗಟ್ಟಲೆ ಹಿಂದೆ ಬೀಳುತ್ತೀರಿ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಸಾಲ ಪಡೆದವರ ಪಾಲಿನ ಮೇಲೆ ಮಾತ್ರ ನಿಮ್ಮ ಹಕ್ಕು. ಆ 3 ಕಂತು ಬ್ಯಾಂಕಿನ ಮೂಲಕ ಬಂದಿದ್ದರೆ ನಿಮ್ಮ ಪಾಸ್‌ಬುಕ್ ತೆಗೆದು ನೋಡಿ, ಯಾವ ಬ್ಯಾಂಕಿನಿಂದ ಬಂತೆಂಬ ಸುಳಿವು ಅಲ್ಲೇ ಇರುತ್ತದೆ. ಆ ಖಾತೆಯ ಜಪ್ತಿಗೂ ಕೇಳಬಹುದು. ನೌಕರಿಯಲ್ಲಿದ್ದರೆ ಸಂಬಳದ ಮೊದಲ 1,000 ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಬಿಟ್ಟು ಮಿಕ್ಕಿದ್ದು ಸಿಗುತ್ತದೆ: ಲೆಕ್ಕಕ್ಕೆ ಬರುವ ಸಂಬಳ 31,000 ಆದರೆ ತಿಂಗಳಿಗೆ 10,000. ಅಡುಗೆ ಪಾತ್ರೆ, ಕಸುಬಿನ ಸಲಕರಣೆ, ರೈತರ ವಾಸದ ಮನೆ, ಪಿಎಫ್ ಹಣ ಮುಟ್ಟುವಂತಿಲ್ಲ. ಏನೂ ಗೊತ್ತಾಗದಿದ್ದರೆ ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 41ರಡಿ ಆಸ್ತಿ ವಿವರದ ಪ್ರಮಾಣಪತ್ರ ಸಲ್ಲಿಸುವಂತೆ ಅವರಿಗೇ ಆದೇಶ ಕೊಡಿಸಿ.

ನೋಟಿಸ್ ತಲುಪಿದ ಮೇಲೆ ಸ್ವಲ್ಪ ಹಣ ಹಿಡಿದು ಅವರೇ ಮನೆಗೆ ಬರಬಹುದು. ತೆಗೆದುಕೊಳ್ಳಿ, ಆದರೆ ಬ್ಯಾಂಕಿನ ಮೂಲಕ, ಮತ್ತು ಅಷ್ಟು ಬಂದಿದೆಯೆಂದು ಕೋರ್ಟಿಗೆ ಮೆಮೊ ಹಾಕಿ. ಅಮಲ್ಜಾರಿಗೆ 12 ವರ್ಷ ಕಾಲಾವಕಾಶವಿದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಕೂತುಬಿಡಬೇಡಿ. ಜಪ್ತಿ ಆದೇಶಕ್ಕೆ ಮೊದಲೇ ಸೈಟು ಬೇರೆಯವರ ಹೆಸರಿಗೆ ಹೋದರೆ ಅದನ್ನು ಬಿಡಿಸಿಕೊಳ್ಳಲು ಇನ್ನೊಂದು ದಾವೆಯೇ ಬೇಕಾದೀತು. ಋಣಭಾರ ಪತ್ರಕ್ಕೆ ಈ ವಾರವೇ ಅರ್ಜಿ ಕೊಡಿ.